ಹಳದಿ ಡಬ್ಬಿ

ಮಗಳ ಬಾಣಂತನಕ್ಕೆಂದು 2022ರ ಚಳಿಗಾಲದಲ್ಲಿ ಅಮೆರಿಕದ ರೋಚೆಸ್ಟರಿಗೆ ಹೋದೆ. ನ್ಯೂಯಾರ್ಕ್ ರಾಜ್ಯದ ಊರು ಎಂದಾಗ ಮುಗಿಲು ಮುಟ್ಟುವ ಕಟ್ಟಡಗಳನ್ನೇ ಕಲ್ಪಿಸಿಕೊಂಡಿದ್ದೆ. ನೋಡಿದರೆ ನಮ್ಮ ದಾವಣಗೆರೆಯಂಥದೇ ಊರು, ಹಿಮವೊಂದನ್ನು ಬಿಟ್ಟರೆ!

ಪಕ್ಕದ ಮನೆಯ ಅಜ್ಜಿ ಮೊಮ್ಮಗನಿಗೆ ಟೊಪ್ಪಿಗೆ ಹೆಣೆದುಕೊಟ್ಟರು. ಅವರು ಗುಂಡಿಗಳನ್ನು ಇಟ್ಟುಕೊಂಡಿದ್ದ ಹಳದಿ ಡಬ್ಬಿ ನನಗೆ ಎಲ್ಲೋ ನೋಡಿದಂತಿತ್ತು. ಕೊಡಾಕ್ ಫಿಲ್ಮಿನದು! ನನ್ನ ಮದುವೆಯ ಫೋಟೋಗಳೂ ಅಂಥ ಡಬ್ಬಿಯಿಂದಲೇ ಬಂದವು. ಅಜ್ಜಿ ಮೂವತ್ತು ವರ್ಷ ಆ ಕಾರ್ಖಾನೆಯ ಕತ್ತಲ ಕೋಣೆಯಲ್ಲಿ ಫಿಲ್ಮು ತುಂಬಿದವರು. ಬೆಳಕು ಬಿದ್ದರೆ ಮಾಲು ಹಾಳು, ಹಾಗಾಗಿ ಎಲ್ಲವೂ ಕೈಸ್ಪರ್ಶದಲ್ಲೇ. "ಈಗಲೂ ರಾತ್ರಿ ಎದ್ದರೆ ದೀಪ ಹಾಕುವುದಿಲ್ಲ" ಎಂದು ನಕ್ಕರು. ಮಗಳು ನಡುವೆ ಕುಳಿತು ಅರ್ಥ ಹೇಳುತ್ತಿದ್ದಳು.

ಲಾಭದಲ್ಲಿ ಒಂದು ಪಾಲನ್ನು ಕೆಲಸಗಾರರಿಗೆ ಹಂಚುವ ಪದ್ಧತಿ ಅಲ್ಲಿ 1912ರಲ್ಲೇ ಶುರುವಾಗಿತ್ತಂತೆ. ಆ ಹಣ ಕೈಗೆ ಬಂದ ವಾರ ಕಾರು ಮಾರುವವರಿಗೆಲ್ಲ ಜಾತ್ರೆ. ನನಗೆ ಅಪ್ಪನ ದೀಪಾವಳಿ ಬೋನಸ್ ನೆನಪಾಯಿತು. ಅಪ್ಪ ಹತ್ತಿಗಿರಣಿಯಲ್ಲಿ ನೂಲಿನ ಖಾತೆಯಲ್ಲಿದ್ದರು. ಬೋನಸ್ ಬಂದ ಸಂಜೆ ಅಮ್ಮನಿಗೊಂದು ಸೀರೆ, ನಮಗೆಲ್ಲ ಒಂದೇ ಥಾನಿನ ಬಟ್ಟೆ. ಗಿರಣಿ ಮುಚ್ಚಿದ ಮೇಲೂ ಅಪ್ಪ ಸೈರನ್ನಿನ ಹೊತ್ತಿಗೇ ಏಳುತ್ತಿದ್ದರು. ಎದ್ದು ಸುಮ್ಮನೆ ಜಗುಲಿಯ ಮೇಲೆ ಕೂರುತ್ತಿದ್ದರು.

1982ರಲ್ಲಿ ರೋಚೆಸ್ಟರಿನ ಅರವತ್ತು ಸಾವಿರ ಜನ ಕೊಡಾಕಿನಲ್ಲಿದ್ದರು. ಮೊದಲ ಡಿಜಿಟಲ್ ಕ್ಯಾಮೆರಾವನ್ನು 1975ರಲ್ಲಿ ಮಾಡಿದವನೂ ಅಲ್ಲಿಯ ಎಂಜಿನಿಯರೇ. ಮನೆಯ ಮಗುವೇ ಮನೆಗೆ ಎರವಾದಂತೆ. 2007ರಲ್ಲಿ ಕೆಲವು ಕಟ್ಟಡಗಳನ್ನು ಸಿಡಿಮದ್ದಿಟ್ಟು ಉರುಳಿಸಿದರು. 2012ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. 1950ರಲ್ಲಿ 3,32,488 ಇದ್ದ ಊರಿನ ಜನಸಂಖ್ಯೆ 2020ಕ್ಕೆ 2,11,328. ಈಗ ಅತಿ ಹೆಚ್ಚು ಜನರಿಗೆ ಕೆಲಸ ಕೊಟ್ಟಿರುವುದು ವಿಶ್ವವಿದ್ಯಾಲಯ, ಅದರ ಆಸ್ಪತ್ರೆ. ನನ್ನ ಮಗಳ ಅನ್ನವೂ ಅಲ್ಲಿಯದೇ.

ಆಸ್ಪತ್ರೆಯ ನರ್ಸೊಬ್ಬಳು ಮಗುವನ್ನು ನೋಡಲು ಮನೆಗೆ ಬರುತ್ತಿದ್ದಳು. ಕಪ್ಪು ಹುಡುಗಿ, ಮಾತುಗಾತಿ. ನನ್ನ ಎಣ್ಣೆಸ್ನಾನಕ್ಕೆ ಮಾತ್ರ ಹುಬ್ಬು ಗಂಟಿಕ್ಕಿದಳು. "ನಿಮ್ಮ ಮನೆಯವರೂ ಕಾರ್ಖಾನೆಯಲ್ಲಿ ಇದ್ದರೇನಮ್ಮ?" ಎಂದು ಕೇಳಿದೆ. ಅವಳ ತಾತ ಫ್ಲಾರಿಡಾದಿಂದ ಹೊಲದ ಕೂಲಿಗೆಂದು ಬಂದವನು. ದೊಡ್ಡ ಕಾರ್ಖಾನೆಗಳ ಗೇಟು ಅವನಿಗೆ ತೆರೆಯಲೇ ಇಲ್ಲವಂತೆ. ಆಮೇಲೆ ಮಗಳು ಉಳಿದದ್ದನ್ನು ಹೇಳಿದಳು. 1964ರಲ್ಲಿ ಕಪ್ಪು ಜನರ ಸಿಟ್ಟು ಬೀದಿಯಲ್ಲಿ ಸಿಡಿಯಿತು. ಮುಂದೆ 'ಫೈಟ್' ಎಂಬ ಅವರ ಸಂಘಟನೆ ಕೆಲಸ ಕೊಡಿ ಎಂದು ಕೊಡಾಕಿನ ಎದುರೇ ಹೋರಾಡಿತು. ಇಂದು ಆ ಊರಿನ ಹತ್ತು ಜನರಲ್ಲಿ ಸುಮಾರು ನಾಲ್ವರು ಕಪ್ಪು ಜನ. ಅಜ್ಜಿಯ ಸುಖದ ದಿನಗಳ ಮಾತಿನಲ್ಲಿ ಅವರು ಒಮ್ಮೆಯೂ ಬಂದಿರಲಿಲ್ಲ.

ಅಜ್ಜಿಯನ್ನು ದೂರಲು ನನಗೆ ಬಾಯಿ ಬರಲಿಲ್ಲ. ಆ ರಾತ್ರಿ ಊರಿಗೆ ಫೋನು ಮಾಡಿದೆ.

"ಅಣ್ಣ, ಅಪ್ಪನ ಖಾತೇಲಿ ಕೇರಿಯೋರು ಯಾರಾದ್ರೂ ಇದ್ರೇನು?"

ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದ.

"ಗೇಟಿನ ಹತ್ರ ಕಸ ಹೊಡೀತಿದ್ರಲ್ಲ," ಅಂದ.