ಉತ್ತರದ ಬಾಗಿಲಿನ ಅತಿಥಿಗಳು

ಬೆಂಗಳೂರಿನ ಹಳೆಯ ಪೇಟೆಗೆ ಉತ್ತರದಲ್ಲಿದ್ದ ಬಾಗಿಲನ್ನು ಯಲಹಂಕದ ಬಾಗಿಲೆಂದು ಕರೆಯುತ್ತಿದ್ದರು. ಕೆಂಪೇಗೌಡರ ವಂಶದವರು ಯಲಹಂಕ ನಾಡಿನ ಪ್ರಭುಗಳಾಗಿದ್ದುದರಿಂದ ಆ ಹೆಸರು ಸಹಜವೇ. ಇಂದು ಪೇಟೆಯ ಕೋಟೆಯೂ ಇಲ್ಲ, ಆ ಬಾಗಿಲೂ ಇಲ್ಲ. ಆದರೂ ನಗರದ ಉತ್ತರದ್ವಾರ ಮುಚ್ಚಿಲ್ಲ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನನಿಲ್ದಾಣವು ತೆರೆದಂದಿನಿಂದ ದೇಶವಿದೇಶಗಳ ಪ್ರಯಾಣಿಕರು ಬಳ್ಳಾರಿ ರಸ್ತೆಯನ್ನು ಹಿಡಿದು, ಯಲಹಂಕ, ಜಕ್ಕೂರು, ಹೆಬ್ಬಾಳಗಳನ್ನು ದಾಟಿ ಊರೊಳಕ್ಕೆ ಬರುತ್ತಾರೆ. ಹೀಗೆ ಬರುವವರೆಲ್ಲರೂ ಪರಕೀಯರಲ್ಲ. ಅನೇಕರು ನಮ್ಮ ಮಕ್ಕಳು, ಮೊಮ್ಮಕ್ಕಳು. ಅವರ ಕ್ಷೇಮವನ್ನು ನೆನೆದೇ ಈ ದಾರಿಯ ವಿಚಾರವಾಗಿ ನಾಲ್ಕು ಮಾತುಗಳನ್ನು ಬರೆಯಹೊರಟಿದ್ದೇವೆ.

ಜನರು ಟೈಫಾಯಿಡ್ ಎನ್ನುವ ಜ್ವರಕ್ಕೆ ನಮ್ಮಲ್ಲಿ ವಿಷಮಶೀತಜ್ವರವೆಂಬ ಹೆಸರು ರೂಢಿಯಲ್ಲಿದೆ. ವೈದ್ಯಶಾಸ್ತ್ರದ ಹಳೆಯ ಗ್ರಂಥಗಳಲ್ಲಿ ವಿಷಮಜ್ವರವೆಂದರೆ ಬಿಟ್ಟುಬಿಟ್ಟು ಬರುವ ಜ್ವರ. ಅದು ಮಲೇರಿಯಾಕ್ಕೇ ಹೆಚ್ಚು ಒಪ್ಪುತ್ತದೆ. ಟೈಫಾಯಿಡ್ ಬಿಟ್ಟುಬಿಟ್ಟು ಬರುವುದಲ್ಲ, ದಿನದಿನಕ್ಕೆ ಮೆಟ್ಟಿಲೇರುವಂತೆ ಏರುವುದು. ತಲೆನೋವು, ನಿಶ್ಶಕ್ತಿ, ಹೊಟ್ಟೆನೋವುಗಳು ಅದರ ಸಂಗಾತಿಗಳು. ಇದರ ಕ್ರಿಮಿಗೆ ಮನುಷ್ಯನ ಹೊರತು ಬೇರೆ ಆಶ್ರಯವಿಲ್ಲ. ರೋಗಿಯ ಮಲದಿಂದ ನೀರಿಗೆ, ನೀರಿನಿಂದಲೋ ತೊಳೆಯದ ಕೈಯಿಂದಲೋ ಆಹಾರಕ್ಕೆ, ಆಹಾರದಿಂದ ಮತ್ತೊಬ್ಬನ ಬಾಯಿಗೆ: ಇಷ್ಟೇ ಅದರ ಯಾತ್ರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನಲ್ಲಿ ಸುಮಾರು 90 ಲಕ್ಷ ಜನರಿಗೆ ಈ ಜ್ವರ ಬಂದು, 1,10,000 ಮಂದಿ ಮೃತರಾದರು.

ಆದುದರಿಂದ ಈ ರೋಗದ ಕಥೆಯೆಂದರೆ ನೀರಿನ ಕಥೆಯೇ. ಒಂದು ಕಾಲಕ್ಕೆ ಬೆಂಗಳೂರಿನವರು ಊರೊಳಗಿನ ಕೆರೆಬಾವಿಗಳನ್ನೇ ನೆಚ್ಚಿಕೊಂಡಿದ್ದರು. ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದಾಗ, 1896ರಲ್ಲಿ, ವಾಯವ್ಯದ ಹೆಸರಘಟ್ಟದ ಕೆರೆಯಿಂದ ಅರ್ಕಾವತಿಯ ನೀರು ಕೊಳವೆಗಳ ಮೂಲಕ ನಗರಕ್ಕೆ ಬಂದಿತು. ಅದೇ 1896ರಲ್ಲಿ ಇಂಗ್ಲೆಂಡಿನ ಆಲ್ಮ್ರಾತ್ ರೈಟ್ ಮತ್ತು ಜರ್ಮನಿಯ ರಿಚರ್ಡ್ ಫೈಫರ್ ಎಂಬ ವಿದ್ವಾಂಸರು ಟೈಫಾಯಿಡ್ಡಿನ ವಿರುದ್ಧ ಚುಚ್ಚುಮದ್ದನ್ನು ಪ್ರಯೋಗಿಸಿದರು. ಒಂದೇ ವರ್ಷದಲ್ಲಿ ಇಲ್ಲಿ ನೀರಿನ ಕೆಲಸ, ಅಲ್ಲಿ ಲಸಿಕೆಯ ಕೆಲಸ. ಇವೆರಡನ್ನೂ ಕೂಡಿಸಿಕೊಳ್ಳುವುದೇ ಪ್ರಯಾಣಿಕನಿಗೆ ರಕ್ಷೆ. ಒಂದನ್ನು ನಂಬಿ ಮತ್ತೊಂದನ್ನು ಬಿಡುವಂತಿಲ್ಲ.

ಜಕ್ಕೂರಿನಲ್ಲಿ ನಿಂತರೆ ನೀರಿನ ಪಾಠವು ಕಣ್ಣಿಗೆ ಕಾಣುತ್ತದೆ. ಮನೆಗಳ ಕೊಳಚೆಯು ಇಲ್ಲಿ ಮೊದಲು ಶುದ್ಧೀಕರಣಘಟಕವನ್ನು ಹೊಕ್ಕು, ಬಳಿಕ ಜೊಂಡು ಬೆಳೆದ ಜೌಗಿನಲ್ಲಿ ಹಾದು, ಆಮೇಲೆ ಕೆರೆಯನ್ನು ಸೇರುವಂತೆ ಏರ್ಪಾಟಾಗಿದೆ. ಹಕ್ಕಿಗಳು ತುಂಬಿದ ಆ ಕೆರೆಯನ್ನು ನೋಡುವುದು ಆನಂದವೇ. ಆದರೂ ನೋಡಲು ತಿಳಿಯಾದ ನೀರೆಲ್ಲ ಕುಡಿಯಲು ಯೋಗ್ಯವಲ್ಲ.

ಹೆಬ್ಬಾಳದಲ್ಲಿ ಲಸಿಕೆಯ ಪಾಠವಿದೆ. ಊರಿನ ಮೇಲೆ ಬಂದ ದಾಳಿಯನ್ನೆದುರಿಸಿ ಮಡಿದ ಕಿತ್ತಯ್ಯನೆಂಬ ವೀರನ ಎಂಟನೆಯ ಶತಮಾನದ ಕಲ್ಲು ಇಲ್ಲಿ ದೊರೆತಿದೆ; ಅದರಲ್ಲಿ ಈ ಪ್ರದೇಶದ ಹೆಸರು ಪೆರ್ಬೊಳಲ್ನಾಡು. ಊರನ್ನು ಕಾಯುವ ಮತ್ತೊಂದು ಬಗೆಯ ಕೆಲಸವೂ ಇಲ್ಲಿ ನಡೆಯಿತು. ಮೈಸೂರು ಸಂಸ್ಥಾನದವರು 1920ರ ದಶಕದಲ್ಲಿ ದನಗಳ ದೊಡ್ಡರೋಗವನ್ನು ತಡೆಯಲು ಹೆಬ್ಬಾಳದಲ್ಲಿ ಸೀರಂ ಸಂಸ್ಥೆಯನ್ನು ಸ್ಥಾಪಿಸಿದರು. ಹಲವು ದೇಶಗಳ ಪಶುವೈದ್ಯರು ಲಸಿಕೆಯನ್ನು ಹಿಡಿದು ದಶಕಗಳ ಕಾಲ ದುಡಿದ ಫಲವಾಗಿ, 2011ರಲ್ಲಿ ಆ ರೋಗವು ಭೂಮಿಯಿಂದಲೇ ನಿರ್ಮೂಲವಾಯಿತೆಂದು ಸಾರಲಾಯಿತು.

ಟೈಫಾಯಿಡ್ಡಿಗೂ ಈಗ ಉತ್ತಮವಾದ ಲಸಿಕೆಯುಂಟು. ಹೈದರಾಬಾದಿನ ಭಾರತ್ ಬಯೋಟೆಕ್ ಸಂಸ್ಥೆಯವರ ಸಂಯುಕ್ತ ಲಸಿಕೆಯನ್ನು ಆರು ತಿಂಗಳು ತುಂಬಿದ ಶಿಶುವಿಗೂ ಕೊಡಬಹುದು. ಒಂದೇ ಚುಚ್ಚು ಸಾಕು. ನೇಪಾಳ, ಮಲಾವಿ ದೇಶಗಳ ಮಕ್ಕಳಲ್ಲಿ ನಡೆಸಿದ ಪರೀಕ್ಷೆಗಳಲ್ಲಿ ಅದು ನೂರಕ್ಕೆ ಸುಮಾರು ಎಂಬತ್ತರಷ್ಟು ರಕ್ಷಣೆಯನ್ನು ಕೊಟ್ಟಿತು. ಹೊರಡುವುದಕ್ಕೆ ಎರಡು ವಾರ ಮುಂಚೆಯಾದರೂ ಹಾಕಿಸಿಕೊಳ್ಳತಕ್ಕದ್ದು. ಹಳೆಯ ಬಗೆಯ ಚುಚ್ಚುಮದ್ದಿನ ಬಲವು ಎರಡು ಮೂರು ವರ್ಷಗಳಲ್ಲಿ ಕುಂದುವುದರಿಂದ, ಹಿಂದೆ ಹಾಕಿಸಿಕೊಂಡವರೂ ವೈದ್ಯರನ್ನು ವಿಚಾರಿಸಬೇಕು. ಉಳಿದ ಇಪ್ಪತ್ತು ಪಾಲಿನ ರಕ್ಷಣೆ ಎಲ್ಲಿಂದ ಬರಬೇಕು? ನೀರಿನಿಂದ, ಅಡಿಗೆಮನೆಯಿಂದ.

ಈ ಮಾತು ಆರ್.ಟಿ. ನಗರದಂಥ ಬಡಾವಣೆಗಳ ಗೃಹಿಣಿಯರಿಗೂ ಅಜ್ಜಅಜ್ಜಿಯರಿಗೂ ಮುಖ್ಯವಾಗಿ ಸಲ್ಲುತ್ತದೆ. ಇಂಗ್ಲೆಂಡ್, ಅಮೆರಿಕಗಳಲ್ಲಿ ಕಾಣುವ ಟೈಫಾಯಿಡ್ ಹೆಚ್ಚಾಗಿ ಹೋಟೆಲುಗಳಲ್ಲಿ ತಂಗುವ ಪ್ರವಾಸಿಗರದಲ್ಲ, ದಕ್ಷಿಣ ಏಷ್ಯದ ಬಂಧುಗಳನ್ನು ನೋಡಲು ಬಂದು ಹೋದವರದು. ಪರವೂರೆಂದು ಭಾವಿಸಿದವನು ಎಚ್ಚರದಿಂದಿರುತ್ತಾನೆ. ತವರೆಂದು ಬಂದವಳು ಮೈಮರೆಯುತ್ತಾಳೆ. ಮಗಳು ಮಗುವಿಗೆ ಕಾಯಿಸಿದ ನೀರನ್ನು ಕೇಳಿದರೆ, “ನಾವೆಲ್ಲ ಇದನ್ನೇ ಕುಡಿದು ಬೆಳೆಯಲಿಲ್ಲವೇ?” ಎಂದು ಹಿರಿಯರು ನೊಂದುಕೊಳ್ಳುವುದುಂಟು. ಅತಿಥಿಸತ್ಕಾರದಲ್ಲಿ ನಮಗೆ ಸರಿಸಾಟಿಯಿಲ್ಲವೆಂದುಕೊಳ್ಳುವ ನಾವು ಇದನ್ನು ಅವಮಾನವೆಂದು ಬಗೆಯಬಾರದು. ನೀರನ್ನು ಚೆನ್ನಾಗಿ ಕುದಿಸಿ, ಮುಚ್ಚಿಡಿ. ಅಡಿಗೆಯನ್ನು ಬಿಸಿಬಿಸಿಯಾಗಿ ಬಡಿಸಿ. ಹೆಚ್ಚಿಟ್ಟ ಹಣ್ಣನ್ನೂ ಬೀದಿಯ ಮಂಜುಗಡ್ಡೆಯ ಪಾನಕವನ್ನೂ ಬಿಡಿ. ಮಂಜುಗಡ್ಡೆಯ ಶೀತಕ್ಕೆ ಈ ಕ್ರಿಮಿ ಸಾಯುವುದಿಲ್ಲ. ಅಡಿಗೆ ಮಾಡುವವರು ಸಾಬೂನಿನಿಂದ ಕೈತೊಳೆಯಲಿ. ನ್ಯೂಯಾರ್ಕಿನ ಅಡಿಗೆಯಾಕೆ ಮೇರಿ ಮ್ಯಾಲನ್ ತಾನು ಆರೋಗ್ಯವಾಗಿದ್ದುಕೊಂಡೇ ಮನೆಮನೆಗೆ ಟೈಫಾಯಿಡ್ ಹಂಚಿದ್ದು 1907ರಲ್ಲಿ ಬೆಳಕಿಗೆ ಬಂದಿತು. ಕ್ರಿಮಿಯನ್ನು ಹೊತ್ತವರ ಮುಖದಲ್ಲಿ ಅದು ಬರೆದಿರುವುದಿಲ್ಲ.

ಬರುವವರಿಗೆ ಹೇಳಿದ್ದು ಹೋಗುವವರಿಗೂ ಸಲ್ಲುತ್ತದೆ. ಯಶವಂತಪುರದ ನಿಲ್ದಾಣದಿಂದ ಉತ್ತರದೇಶಕ್ಕೆ ಯಾತ್ರೆ ಹೊರಡುವ ನಮ್ಮ ವೃದ್ಧರು ಬುತ್ತಿ, ಹೊದಿಕೆ, ಪಂಚಾಂಗಗಳನ್ನು ಮರೆಯುವುದಿಲ್ಲ. ಈ ಚುಚ್ಚುಮದ್ದಿನ ವಿಚಾರವನ್ನು ವೈದ್ಯರಲ್ಲಿ ಕೇಳುವುದನ್ನು ಮಾತ್ರ ಮರೆಯುತ್ತಾರೆ.

ಕ್ರಿಮಿಯು ದೇಹವನ್ನು ಹೊಕ್ಕ ಮೇಲೆ ಜ್ವರ ಕಾಣಲು ಒಂದರಿಂದ ಮೂರು ವಾರಗಳು ಬೇಕಾಗುವುದರಿಂದ, ಎಷ್ಟೋ ವೇಳೆ ಅದು ಪ್ರಯಾಣಿಕನು ಊರಿಗೆ ಹಿಂದಿರುಗಿದ ಮೇಲೆಯೇ ತಲೆಯೆತ್ತುತ್ತದೆ. ಆಗ ಎಲ್ಲಿಗೆ ಹೋಗಿದ್ದೆವೆಂಬುದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಅಂಗಡಿಯಿಂದ ಮಾತ್ರೆ ತಂದು ನುಂಗುವ ಮುನ್ನ, ರಕ್ತದಲ್ಲಿರುವ ಕ್ರಿಮಿಯನ್ನು ಬೆಳೆಸಿ ನೋಡುವ ಪರೀಕ್ಷೆ ಆಗುವುದು ಲೇಸು. ಜ್ವರ ಇಳಿಯಿತೆಂದು ಔಷಧವನ್ನು ನಡುವೆ ಬಿಡಲಾಗದು. ಅಲಕ್ಷ್ಯ ಮಾಡಿದರೆ ಮೂರನೆಯ ವಾರದ ಹೊತ್ತಿಗೆ ಕರುಳೇ ತೂತಾಗಿ ಪ್ರಾಣಕ್ಕೆ ಬರುವುದುಂಟು.

ಮುಂದಿನ ರಜೆಗೆ ಬರುವ ಮಕ್ಕಳಿಗೆ ಗೃಹಿಣಿಯರು ಈಗಲೇ ಒಂದು ಮಾತು ಬರೆದು ಕಳುಹಿಸಲಿ: ಹೊರಡುವ ಎರಡು ವಾರ ಮೊದಲೇ ಚುಚ್ಚುಮದ್ದು ಹಾಕಿಸಿಕೊಳ್ಳಿರಿ, ಇಲ್ಲಿ ನಿಮಗಾಗಿ ನೀರು ಕಾಯಿಸಿ ಆರಿಸಿಟ್ಟಿರುತ್ತೇವೆ.