ಮಾಣಿಗಳ ನಾಡಿನಲ್ಲಿ ಮಕ್ಕಳ ಪಂಚಾಯತಿ

ಸಿದ್ದಾಪುರ ಎಂದೊಡನೆ ಹಲವರಿಗೆ ನೆನಪಾಗುವುದು ಜೋಗದ ಬಳಿಯ, ಉತ್ತರ ಕನ್ನಡದ ಸಿದ್ದಾಪುರ. ಇನ್ನು ಕೆಲವರಿಗೆ ಕೊಡಗಿನ ಕಾಫಿ ತೋಟಗಳ ನಡುವಿನ ಸಿದ್ದಾಪುರ. ನಾವೀಗ ಹೊರಟಿರುವುದು ಇವೆರಡೂ ಅಲ್ಲದ ಮೂರನೆಯ ಸಿದ್ದಾಪುರಕ್ಕೆ. ಇದು ಉಡುಪಿ ಜಿಲ್ಲೆಯ ಕುಂದಾಪುರ ತಾಲೂಕಿನಲ್ಲಿ, ಪಶ್ಚಿಮ ಘಟ್ಟದ ಬುಡದಲ್ಲಿದೆ.

ಕುಂದಾಪುರದಿಂದ ಬಸ್ಸು ಹತ್ತಿದರೆ ಮೂವತ್ತು ಕಿಲೋಮೀಟರಿಗಿಂತ ತುಸು ಹೆಚ್ಚಿನ ದಾರಿ. ಬಸ್ರೂರು ಮೂರ್ಕೈ ಕಳೆದು, ಕಂಡ್ಲೂರಿನಲ್ಲಿ ವಾರಾಹಿ ಹೊಳೆಯನ್ನು ದಾಟಿ, ಅಂಪಾರು ಹಿಂದಾದರೆ ಕಡಲಿನ ಗಾಳಿ ಮರೆತುಹೋಗುತ್ತದೆ. ಇಕ್ಕೆಲಗಳಲ್ಲಿ ಗದ್ದೆ, ಅಡಿಕೆ ತೋಟ, ಅದರಾಚೆ ಕಾಡು. ಸಿದ್ದಾಪುರದಿಂದ ಮುಂದೆ ಹೊಸಂಗಡಿ. ಅಲ್ಲಿ 460 ಮೆಗಾವಾಟ್ ಸಾಮರ್ಥ್ಯದ ವಾರಾಹಿ ಭೂಗತ ವಿದ್ಯುದಾಗಾರವಿದೆ. ಅಲ್ಲಿಂದ ಬಾಳೆಬರೆ ಘಾಟಿ ಏರಿದರೆ ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಊರುಗಳಲ್ಲೊಂದಾದ ಹುಲಿಕಲ್ಲು. ಅಲ್ಲಿ ಸುರಿದ ಮಳೆ ಇಲ್ಲಿನ ತೋಡುಗಳಲ್ಲಿ ಕೆಂಪಗೆ ಇಳಿಯುತ್ತದೆ.

ಮಳೆಗಾಲದಲ್ಲಿ ಈ ಸೀಮೆಯನ್ನು ನೋಡಬೇಕಾದರೆ ಮುಖ್ಯರಸ್ತೆ ಬಿಟ್ಟು ಒಳಗೆ ನಡೆಯಬೇಕು. ಮನೆಗಳು ಗುಂಪಾಗಿಲ್ಲ, ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಗದ್ದೆ, ತೋಡು, ಹಾಡಿ. ತೋಡಿಗೆ ಅಡ್ಡಲಾಗಿ ಅಡಿಕೆ ಮರ ಹಾಕಿ ಕಟ್ಟಿದ್ದೇ ಕಾಲುಸಂಕ. ಹಿಡಿದುಕೊಳ್ಳಲು ಒಂದು ಬಿದಿರೋ ಹಗ್ಗವೋ ಇದ್ದರೆ ಅದೇ ದೊಡ್ಡದು. ಬೆಳಿಗ್ಗೆ ಬ್ಯಾಗು ಹೊತ್ತು ಹೊರಟ ಮಗುವಿಗೆ ತಾಯಿ ‘ನಿಧಾನ್ಕ್ ಸಂಕ ದಾಂಟ್ ಮಗಾ’ ಎಂದು ಹೇಳುವುದು ಬರಿಯ ಉಪಚಾರದ ಮಾತಲ್ಲ. 2022ರ ಆಗಸ್ಟ್‌ನಲ್ಲಿ ನೆರೆಯ ಬೈಂದೂರು ತಾಲೂಕಿನಲ್ಲಿ ಶಾಲೆಯಿಂದ ಮರಳುತ್ತಿದ್ದ ಪುಟ್ಟ ಬಾಲಕಿಯೊಬ್ಬಳು ಕಾಲುಸಂಕದಿಂದ ಜಾರಿ ನೀರುಪಾಲಾದಳು. ‘ಶಿಕ್ಷಣದ ಹಕ್ಕು’ ಎಂಬ ದೊಡ್ಡ ಮಾತು ಇಲ್ಲಿ ಎರಡು ಅಡಿಕೆ ಮರಗಳ ಮೇಲೆ ನಿಂತಿದೆ!

ಮಕ್ಕಳ ಹಕ್ಕುಗಳ ಜಾಗತಿಕ ಚರಿತ್ರೆಯಲ್ಲಿ ಈ ತಾಲೂಕಿನ ಹೆಸರು ದಾಖಲಾಗಿದೆ ಎಂಬುದು ಹೊರಗಿನ ಬಹಳ ಮಂದಿಗೆ ಗೊತ್ತಿಲ್ಲ.

ಮಾಣಿ ಎಂಬ ಪದದ ಪ್ರಯಾಣ

ಕುಂದಾಪುರದ ಕನ್ನಡದಲ್ಲಿ ‘ಮಾಣಿ’ ಎಂದರೆ ಹುಡುಗ. ಅಜ್ಜಿ ಅಕ್ಕರೆಯಿಂದ ಮೊಮ್ಮಗನನ್ನು ಕರೆಯುವ ಪದ. ಅದೇ ಪದ ಘಟ್ಟ ಹತ್ತಿ ಬೆಂಗಳೂರು ಸೇರಿದಾಗ ಅರ್ಥ ಬದಲಾಯಿತು. ಅಲ್ಲಿ ಮಾಣಿ ಎಂದರೆ ಹೋಟೆಲಿನಲ್ಲಿ ತಿಂಡಿ ತಂದುಕೊಡುವವನು. ಊರಿನ ಮಾಣಿಗಳೇ ಹೋಟೆಲಿನ ಮಾಣಿಗಳಾದದ್ದರಿಂದ ಈ ಬದಲಾವಣೆ. ಬಡತನ, ದೊಡ್ಡ ಸಂಸಾರ, ದೂರದ ಶಾಲೆ ಇವೆಲ್ಲ ಸೇರಿ ಹತ್ತು ಹನ್ನೆರಡರ ಹುಡುಗರನ್ನು ಬೆಂಗಳೂರು, ಮುಂಬೈಗಳ ಬಸ್ಸು ಹತ್ತಿಸುತ್ತಿದ್ದವು. ಲೋಟ ತೊಳೆಯುತ್ತ ಮುಂಬೈಯ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮುಂದೆ ಬಂದವರಿದ್ದಾರೆ. ಅವರ ಕಥೆಯನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಓದಲಾಗದೆ ಉಳಿದವರ ಕಥೆಯನ್ನು ಹೇಳಿದವರು ಕಡಿಮೆ.

ಬೆಂಗಳೂರಿನಲ್ಲಿ ದುಡಿಯುವ ಮಕ್ಕಳ ನಡುವೆ ಕೆಲಸ ಮಾಡುತ್ತಿದ್ದ ‘ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಸಂಸ್ಥೆ ಈ ಹುಡುಗರು ಎಲ್ಲಿಂದ ಬರುತ್ತಾರೆ ಎಂದು ಹುಡುಕುತ್ತ ಕುಂದಾಪುರಕ್ಕೆ ಬಂತು. 1990ರಲ್ಲಿ ದುಡಿಯುವ ಮಕ್ಕಳದೇ ಸಂಘಟನೆಯಾಗಿ ‘ಭೀಮ ಸಂಘ’ ಹುಟ್ಟಿತು. ಮಕ್ಕಳ ಸುದ್ದಿಗಳಿಗೆಂದು ಗೋಡೆಗೆ ಅಂಟಿಸುವ ‘ಭೀಮ ಪತ್ರಿಕೆ’ ಬಂತು. ಕನ್ಯಾನದಲ್ಲಿ ‘ನಮ್ಮ ಭೂಮಿ’ ಎಂಬ ತರಬೇತಿ ಕೇಂದ್ರ ತಲೆಯೆತ್ತಿತು.

1995ರಲ್ಲಿ ಆರಂಭವಾದ ಮಕ್ಕಳ ಪಂಚಾಯತಿ ಇದರ ಮುಂದಿನ ಹೆಜ್ಜೆ. ಊರಿನ ಮಕ್ಕಳೇ ಮತ ಹಾಕಿ ತಮ್ಮ ಪ್ರತಿನಿಧಿಗಳನ್ನು ಆರಿಸುವುದು, ಆ ಪ್ರತಿನಿಧಿಗಳು ಹಿರಿಯರ ಗ್ರಾಮ ಪಂಚಾಯತಿಯೊಡನೆ ಮಾತನಾಡುವುದು, ಇದು ವ್ಯವಸ್ಥೆ. ಶಾಲೆಗೆ ಹೋಗುವವರು, ದುಡಿಯುವವರು ಇಬ್ಬರಿಗೂ ಅದರಲ್ಲಿ ಸ್ಥಾನ. ಅವರು ಎತ್ತಿದ ವಿಷಯಗಳು ಕಾಲುಸಂಕ, ಶಾಲೆಯ ದೂರ, ಅಂಗನವಾಡಿ, ಸೌದೆಗಾಗಿ ನಡೆಯಬೇಕಾದ ದಾರಿ, ಊರಿನ ಹೆಂಡದಂಗಡಿ.

ಬೇಡಿಕೆಗಿಂತ ಮುಖ್ಯವಾದದ್ದು ಅವರು ಅದನ್ನು ಮಂಡಿಸಿದ ಬಗೆ. ‘ನಮಗೆ ಸಂಕ ಬೇಕು’ ಎಂದರೆ ‘ನೋಡುವಾ’ ಎಂಬ ಉತ್ತರ ಸಿಗುವುದು ಎಲ್ಲ ಊರಿನಲ್ಲೂ ವಾಡಿಕೆ. ಈ ಮಕ್ಕಳು ಮನೆಮನೆ ತಿರುಗಿ ಸಮೀಕ್ಷೆ ಮಾಡಿದರು, ನಕ್ಷೆ ಬರೆದರು. ಎಷ್ಟು ಮನೆ, ಎಷ್ಟು ಮಕ್ಕಳು, ಯಾವ ತಿಂಗಳು ದಾರಿ ಕಡಿಯುತ್ತದೆ ಎಂಬ ಲೆಕ್ಕವನ್ನು ಕೈಯಲ್ಲಿ ಹಿಡಿದು ಬಂದ ಮಗುವಿಗೆ ಹಾಗೆ ಹೇಳಿ ಕಳಿಸುವುದು ಸುಲಭವಲ್ಲ. 2004ರ ಹೊತ್ತಿಗೆ ತಾಲೂಕಿನ 56 ಗ್ರಾಮ ಪಂಚಾಯತಿಗಳ ಪಂಚವಾರ್ಷಿಕ ಯೋಜನೆಯಲ್ಲಿ ಮಕ್ಕಳ ಮಾತೂ ಸೇರುವಂತಾಯಿತು.

ಜಗತ್ತು ಕುಂದಾಪುರಕ್ಕೆ ಬಂದದ್ದು

1989ರ ನವೆಂಬರ್ 20ರಂದು ವಿಶ್ವಸಂಸ್ಥೆ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿತು. ಭಾರತ ಅದಕ್ಕೆ ಸೇರಿದ್ದು 1992ರ ಡಿಸೆಂಬರ್ 11ರಂದು. ಅದರ 12ನೇ ವಿಧಿಯಂತೆ ತನಗೆ ಸಂಬಂಧಿಸಿದ ವಿಷಯದಲ್ಲಿ ಮಗು ತನ್ನ ಅಭಿಪ್ರಾಯ ಹೇಳಬಹುದು, ಹಿರಿಯರು ಅದಕ್ಕೆ ತಕ್ಕ ಬೆಲೆ ಕೊಡಬೇಕು. 13 ಮತ್ತು 17ನೇ ವಿಧಿಗಳು ಮಾಹಿತಿ ಪಡೆಯುವ ಹಕ್ಕನ್ನು ಹೇಳುತ್ತವೆ. ಈ ಹಕ್ಕುಗಳನ್ನು ದೊಡ್ಡವರಿಗೂ ಮಕ್ಕಳಿಗೂ ತಿಳಿಸುವುದು ಸರ್ಕಾರದ ಕರ್ತವ್ಯ ಎನ್ನುತ್ತದೆ 42ನೇ ವಿಧಿ. ಮಕ್ಕಳಿಗೆ ಲೋಕಜ್ಞಾನ ಕೊಡಬೇಕೆಂಬ ಹಂಬಲ ಈ ಸೀಮೆಗೆ ಹೊಸದೇನಲ್ಲ. ಕುಂದಾಪುರದ ತೆಂಕಣ ನೆರೆಯ ಕೋಟದವರಾದ ಶಿವರಾಮ ಕಾರಂತರು 1930ರ ದಶಕದಲ್ಲೇ ಮೂರು ಸಂಪುಟಗಳ ‘ಬಾಲ ಪ್ರಪಂಚ’ವನ್ನು ಕನ್ನಡದ ಮಕ್ಕಳ ಕೈಗಿತ್ತಿದ್ದರು.

1996ರ ನವೆಂಬರ್ 27ರಿಂದ ಡಿಸೆಂಬರ್ 9ರವರೆಗೆ ದುಡಿಯುವ ಮಕ್ಕಳ ಮೊದಲ ಅಂತರರಾಷ್ಟ್ರೀಯ ಸಮಾವೇಶ ನಡೆದದ್ದು ದೆಹಲಿಯಲ್ಲಲ್ಲ, ಜಿನೀವಾದಲ್ಲೂ ಅಲ್ಲ, ಕುಂದಾಪುರದಲ್ಲಿ! ಆಫ್ರಿಕಾ, ಏಷ್ಯಾ, ಲ್ಯಾಟಿನ್ ಅಮೆರಿಕಗಳ 33 ದೇಶಗಳ ಮಕ್ಕಳ ಹೆಸರಿನಲ್ಲಿ ಅಲ್ಲಿ ಹತ್ತು ಅಂಶಗಳ ‘ಕುಂದಾಪುರ ಘೋಷಣೆ’ ಹೊರಬಂತು. ತಮಗೆ ಸಂಬಂಧಿಸಿದ ತೀರ್ಮಾನಗಳಲ್ಲಿ ತಮ್ಮನ್ನು ಕೇಳಬೇಕು, ತಮ್ಮ ಬದುಕಿಗೆ ಹೊಂದುವ ಶಿಕ್ಷಣ ಬೇಕು, ಒಳ್ಳೆಯ ಆರೋಗ್ಯ ಸೇವೆ ಬೇಕು, ಬಡತನವೆಂಬ ಮೂಲಕ್ಕೆ ಮದ್ದು ಬೇಕು ಎಂದು ಮಕ್ಕಳು ಕೇಳಿದರು. ಪಟ್ಟಣಕ್ಕೆ ವಲಸೆ ಹೋಗದಂತೆ ಹಳ್ಳಿಯಲ್ಲೇ ಅನುಕೂಲ ಬೇಕೆಂಬುದೂ ಅದರಲ್ಲಿತ್ತು. ಆ ಸಾಲು ಮಾಣಿಗಳ ನಾಡಿನ ಅನುಭವಕ್ಕೂ ಚೆನ್ನಾಗಿ ಒಪ್ಪುತ್ತದೆ.

ಘೋಷಣೆಯ ಎಲ್ಲ ಅಂಶಗಳನ್ನು ಎಲ್ಲರೂ ಒಪ್ಪಿದರೆಂದಲ್ಲ. ಮಕ್ಕಳು ತಯಾರಿಸಿದ ವಸ್ತುಗಳನ್ನು ಬಹಿಷ್ಕರಿಸುವುದು ಬೇಡ, ಓದಿಗೂ ಆಟಕ್ಕೂ ಬಿಡುವಿರುವ ಗೌರವದ ದುಡಿಮೆ ಇರಲಿ ಎಂದು ಅದು ಹೇಳಿತ್ತು. ಮಕ್ಕಳ ದುಡಿಮೆ ಪೂರ್ತಿ ನಿಲ್ಲಬೇಕು ಎಂಬುದು ಇನ್ನೊಂದು ಪಕ್ಷ. ಭಾರತದ ಕಾನೂನು ಎರಡನೆಯ ದಾರಿಯಲ್ಲಿ ನಡೆದಿದೆ. 2006ರ ಅಕ್ಟೋಬರ್‌ನಿಂದ ಹೋಟೆಲು ಹಾಗೂ ಮನೆಗೆಲಸಗಳಲ್ಲಿ ಹದಿನಾಲ್ಕರೊಳಗಿನ ಮಕ್ಕಳ ದುಡಿಮೆ ನಿಷಿದ್ಧವಾಯಿತು. 2016ರ ತಿದ್ದುಪಡಿ, ಮನೆಯವರ ಕೆಲಸದಲ್ಲಿ ಶಾಲೆಯ ನಂತರ ನೆರವಾಗುವಂಥ ಕೆಲವು ವಿನಾಯಿತಿಗಳನ್ನಿಟ್ಟು, ಈ ನಿಷೇಧವನ್ನು ಎಲ್ಲ ಕೆಲಸಗಳಿಗೂ ವಿಸ್ತರಿಸಿತು. ಯಾವ ಪಕ್ಷ ಸರಿ ಎಂದು ಮನೆಯಲ್ಲಿ, ತರಗತಿಯಲ್ಲಿ ಚರ್ಚಿಸಲು ಇದೊಂದು ಒಳ್ಳೆಯ ವಿಷಯ. ಮಕ್ಕಳನ್ನು ಕೇಳದೆ ಮಕ್ಕಳ ವಿಷಯ ತೀರ್ಮಾನಿಸಬಾರದು ಎಂಬುದರಲ್ಲಂತೂ ಎರಡು ಮಾತಿರಲಾರದು.

ನಿಮ್ಮೂರಿನಲ್ಲೂ ಸಭೆಯಿದೆ

2006ರಲ್ಲಿ ಕರ್ನಾಟಕ ಸರ್ಕಾರ ಗ್ರಾಮ ಪಂಚಾಯತಿಗಳಲ್ಲಿ ಮಕ್ಕಳ ಗ್ರಾಮ ಸಭೆ ನಡೆಸಬೇಕೆಂದು ಸುತ್ತೋಲೆ ಹೊರಡಿಸಿತು. ಅಂದರೆ ಈ ತಾಲೂಕು ಹಿಡಿದ ದಾರಿ ಇಡೀ ರಾಜ್ಯದ ದಾರಿಯಾಯಿತು. ಆದರೆ ಭಾಷಣ, ಚಾಕಲೇಟು, ಫೋಟೋಗಳಲ್ಲಿ ಮುಗಿದುಹೋಗುವ ಸಭೆಗಳೂ ಇವೆ. ಅದನ್ನು ಬದಲಿಸುವುದು ವಿದ್ಯಾರ್ಥಿಗಳ ಕೈಯಲ್ಲೂ ಇದೆ.

ಸಭೆಗೆ ಬರಿಗೈಯಲ್ಲಿ ಹೋಗಬೇಡಿ. ಸಂಕದ ವಿಷಯವಾದರೆ ಅದನ್ನು ದಾಟುವ ಮಕ್ಕಳೆಷ್ಟು, ಮಳೆಗಾಲದಲ್ಲಿ ಎಷ್ಟು ದಿನ ಶಾಲೆ ತಪ್ಪಿತು ಎಂದು ಬರೆದಿಟ್ಟುಕೊಳ್ಳಿ. ನಕ್ಷೆ ಬರೆಯಿರಿ. ಬೇಡಿಕೆ ನಡಾವಳಿ ಪುಸ್ತಕದಲ್ಲಿ ದಾಖಲಾಯಿತೇ ನೋಡಿ. ಮುಂದಿನ ಸಭೆಯಲ್ಲಿ ಮೊದಲು ಹಿಂದಿನ ಸಭೆಯ ಅನುಪಾಲನಾ ವರದಿ ಕೇಳಿ. ಮಗುವೊಂದು ತೊಂದರೆಯಲ್ಲಿದ್ದರೆ 1098ಕ್ಕೆ ಕರೆ ಮಾಡಬಹುದು ಎಂಬುದು ಪ್ರತಿ ಮಗುವಿಗೂ ಬಾಯಿಪಾಠವಾಗಿರಲಿ.

ತಂದೆ ತಾಯಂದಿರಿಗೊಂದು ಮಾತು. ಪಂಚಾಯತಿಯಲ್ಲಿ ಪ್ರಶ್ನೆ ಕೇಳಿದ ಮಗುವಿಗೆ ಮನೆಯಲ್ಲಿ ‘ದೊಡ್ಡವರ ಎದುರು ಮಾತಾಡ್ತೀಯಾ?’ ಎಂದು ಗದರಿದರೆ ಸುತ್ತೋಲೆಯಿಂದ ಏನೂ ಉಪಯೋಗವಿಲ್ಲ.

ಸಿದ್ದಾಪುರಕ್ಕೆ ಬರುವವರು ಹತ್ತಿರದ ಕಮಲಶಿಲೆಯ ಬ್ರಾಹ್ಮೀ ದುರ್ಗಾಪರಮೇಶ್ವರಿ ದೇವಸ್ಥಾನ, ಶಂಕರನಾರಾಯಣ ಕ್ಷೇತ್ರಗಳನ್ನು ನೋಡಿ ಮರಳಬಹುದು. ಮಕ್ಕಳನ್ನು ಕರೆತರಲು ಮಳೆ ನಿಂತ ಮೇಲಿನ ತಿಂಗಳುಗಳು ಒಳ್ಳೆಯವು. ದಾರಿಯಲ್ಲಿ ಕಾಲುಸಂಕವೊಂದು ಕಂಡರೆ ಅದನ್ನು ಜೂನ್ ತಿಂಗಳಲ್ಲಿ ದಾಟುವವರು ಯಾರು, ಎಷ್ಟು ಮಂದಿ ಎಂದು ಅಲ್ಲಿಯವರನ್ನು ಕೇಳುವಂತೆ ನಿಮ್ಮ ಮಕ್ಕಳಿಗೆ ಹೇಳಿ.