ಅಪ್ಪ ಬರೆದ ಅಕ್ಷರಕ್ಕೆ ಯಾವ ವಾರ್ನಿಶ್?

ಪೆಡಲ್ ಒಂದನ್ನು ಮನೆಯಲ್ಲೇ ಕಟ್ಟಿದ್ದೇನೆ ಅಂದರೆ ನಮ್ಮ ಬೆಳ್ತಂಗಡಿ ಕಡೆ "ಸೈಕಲ್ಲಿಗಾ?" ಅಂತ ಕೇಳುತ್ತಾರೆ :) ಅಲ್ಲ ಮಾರಾಯ್ರೆ, ಕಾಲಲ್ಲಿ ಒತ್ತಿದರೆ ಗಿಟಾರಿನ ಸ್ವರ ಒರಟಾಗುವ ಪುಟ್ಟ ಡಬ್ಬಿ. ಒಳಗೆ ಒಂದು 4558 ಐಸಿ, ಎರಡು ಡಯೋಡು, 9 ವೋಲ್ಟಿನ ಬ್ಯಾಟರಿ. ಆ ಕಥೆ ಇನ್ನೊಂದು ದಿನ. ಇವತ್ತಿನದ್ದು ಹೊರಗಿನ ಚಿಂತೆ.

ಅಲ್ಯೂಮಿನಿಯಂ ಡಬ್ಬಿಯ ಮೇಲೆ ಅಕ್ಷರ ಬರೆದವರು ನನ್ನ ಅಪ್ಪ. ಬಂಟ್ವಾಳದಲ್ಲಿ ಅಂಗಡಿ ಬೋರ್ಡು ಬರೆಯುತ್ತಿದ್ದವರು. ಫ್ಲೆಕ್ಸ್ ಬಂದ ಮೇಲೆ ಬ್ರಶ್ ಅಟ್ಟಕ್ಕೆ ಹೋಯಿತು. ಈಗ ಕೈ ನಡುಗುತ್ತದೆ. ಆದರೂ ಎರಡು ಮಧ್ಯಾಹ್ನ ಕೂತು, ಕಪ್ಪು ಬಣ್ಣದ ಮೇಲೆ ಬಿಳಿ ಎನಾಮಲಿನಲ್ಲಿ ಮೂರು ಗುಂಡಿಗೆ ಮೂರು ಹೆಸರು ಬರೆದುಕೊಟ್ಟರು: ಗಟ್ಟಿ, ಖಾರ, ಸ್ವರ. ಖಾರದ 'ಖಾ' ಸ್ವಲ್ಪ ವಾಲಿದೆ. ಇನ್ನೊಮ್ಮೆ ಬರೆಸುವ ಹಾಗಿಲ್ಲ.

ಹಾಗೇ ಬಿಡೋಣವೆಂದರೆ, 1604ರಿಂದ ಮಳೆಯಲ್ಲಿ ನೆನೆಯುತ್ತಾ ನಿಂತ ವೇಣೂರಿನ ಗೊಮ್ಮಟನಲ್ಲವಲ್ಲ ಇದು! ಮೂಡುಬಿದಿರೆಯಲ್ಲಿ ಆರ್ಕೆಸ್ಟ್ರಾ ನುಡಿಸುವ ಗೆಳೆಯನ ಬೂಟಿನಡಿ, ಕೆಂಪು ಮಣ್ಣಿನ ಹರಳಿನ ನಡುವೆ ಇರಬೇಕಾದದ್ದು.

ನೈಟ್ರೋಸೆಲ್ಯುಲೋಸ್ ಲ್ಯಾಕರ್ ಗಿಟಾರಿಗೇ ಹೊಡೆಯುತ್ತಾರೆ, ನಿಜ. ಆದರೆ ದ್ರಾವಕ ಬೇಗ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ನಮ್ಮೂರಿನ ತೇವದ ಗಾಳಿ ಅಲ್ಲಿ ನೀರಾಗಿ ಕೂತು ಹಾಲಿನಂತೆ ಬಿಳಿಚುತ್ತದೆ. ವರ್ಷ ಕಳೆದಂತೆ ಹಳದಿಯೂ ಆಗುತ್ತದೆ. ಎಣ್ಣೆ ಆಧಾರದ ಪಾಲಿಯುರೇಥೇನ್ ಗಟ್ಟಿ, ಅದೂ ಹಳದಿ; ಅಪ್ಪನ ಬಿಳಿ ಹೋಗಿ ತುಪ್ಪದ ಬಣ್ಣ ಬಂದೀತು. ಕಾರಿಗೆ ಹೊಡೆಯುವ ಎರಡು ಭಾಗದ ಕ್ಲಿಯರ್ ಎಲ್ಲಕ್ಕಿಂತ ಗಟ್ಟಿ. ಆದರೆ ಅದರ ಗಟ್ಟಿಕಾರಕದಲ್ಲಿ ಐಸೊಸಯನೇಟ್ ಇರುತ್ತದೆ, ಉಸಿರಿಗೆ ಅಪಾಯ. ಮನೆಯ ಜಗಲಿಯಲ್ಲಿ ಬೇಡವೇ ಬೇಡ. ಗೇರು ಎಣ್ಣೆ? ದೋಣಿಯ ಮರಕ್ಕೆ ಸರಿ, ಆದರೆ ಕಪ್ಪು ಕಪ್ಪು!

ಉಳಿದದ್ದು ಅಕ್ರಿಲಿಕ್ ಸ್ಪ್ರೇ. ಹಳದಿಯಾಗದು, ಸಿಗುವುದೂ ಸುಲಭ. ಆದರೆ ಅದರ ದ್ರಾವಕ ಹಸಿ ಎನಾಮಲನ್ನು ಎಬ್ಬಿಸುತ್ತದೆ. ಎನಾಮಲ್ ಮುಟ್ಟಿದರೆ ಒಂದು ದಿನದಲ್ಲಿ ಒಣಗಿದಂತೆ ಕಾಣುತ್ತದೆ. ಒಳಗಿನಿಂದ ಗಟ್ಟಿಯಾಗಲು ವಾರಗಟ್ಟಲೆ ಬೇಕು. ಅದಕ್ಕೇ ಎರಡು ತಗಡಿನ ತುಂಡಿಗೆ ಅದೇ ಬಣ್ಣದಲ್ಲಿ ಅಪ್ಪನಿಂದಲೇ ಗೆರೆ ಎಳೆಸಿದೆ. ಮೂರನೇ ದಿನ ಸ್ಪ್ರೇ ಮಾಡಿದ ತುಂಡು ಒಣಮೆಣಸಿನಂತೆ ಸುಕ್ಕಾಯಿತು. ಆರನೇ ವಾರದ್ದು ಹಾಗೇ ನಿಂತಿತು.

ಡಬ್ಬಿಯೂ ಆರು ವಾರ ಕಾಯಿತು. ಮಳೆ ಬಿಟ್ಟು, ಡಿಸೆಂಬರಿನ ಒಂದು ಒಣ ಮಧ್ಯಾಹ್ನ, ಮೂಗಿಗೆ ಮಾಸ್ಕ್ ಕಟ್ಟಿ, ಒಂದಡಿ ದೂರದಿಂದ ಮಂಜು ಬಿದ್ದಂತೆ ತೆಳ್ಳಗೆ ಎರಡು ಸಲ. ಅದು ಆರಿದ ಮೇಲೆ ಮಾತ್ರ ಹದವಾಗಿ ಮೂರು ಸಲ. ಮೊದಲೇ ದಪ್ಪ ಹೊಡೆದರೆ ದ್ರಾವಕಕ್ಕೆ ಕೆಳಗಿಳಿಯಲು ಸಮಯ ಸಿಗುತ್ತದೆ, ಅಷ್ಟೇ ಗುಟ್ಟು. ಆಮೇಲೆ ಒಂದು ವಾರ ಯಾರೂ ಮುಟ್ಟಲಿಲ್ಲ.

'ಖಾ' ಈಗಲೂ ವಾಲಿಕೊಂಡೇ ಇದೆ, ಗಾಜಿನಡಿ ಇಟ್ಟಂತೆ.

ಅಪ್ಪ ತಿರುಗಿಸಿ ತಿರುಗಿಸಿ ನೋಡಿ ಹೇಳಿದ್ದು ಇಷ್ಟೇ: "ನಾವು ಬೋರ್ಡಿಗೆ ಇಷ್ಟೆಲ್ಲ ಮಾಡುತ್ತಿರಲಿಲ್ಲಪ್ಪ. ಮಾಸಿದರೆ ತಾನೇ ಮತ್ತೆ ಬರೆಯಲು ಕರೆಯುವುದು?"